ಜರ್ಮನ್ ಪುಸ್ತಕಕ್ಕೊಬ್ಬ ದುಭಾಷಿ

ನನಗೆ ಜರ್ಮನ್ ಬಾರದು. ಇದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವುದು ಸುಲಭ. ಮಸ್ಕಿಯ ಸಾಹುಕಾರರ ಮುಂದೆ ಒಪ್ಪಿಕೊಳ್ಳಲು ಒಂದು ವಾರ ಹಿಡಿಯಿತು.

ನಿಜಾಮರ ಆ ಕಾಲದಲ್ಲಿ ಲಿಂಗಸೂಗೂರಿನ ಕಚೇರಿ ಕಟ್ಟೆಯ ಮೇಲೆ ಕೂತು ಅರ್ಜಿ ಬರೆಯುವುದು ನನ್ನ ಕಸುಬು. ರೈತ ಕನ್ನಡದಲ್ಲಿ ಬಯ್ದದ್ದನ್ನು ನಾನು ಉರ್ದುವಿನಲ್ಲಿ ಬಿನ್ನವಿಸುತ್ತಿದ್ದೆ. ‘ಕಂದಾಯದ ಗಿರದಾವರ ಕಳ್ಳ’ ಎಂದು ಅವನು ಅಂದರೆ ‘ಹುಜೂರರ ಕೃಪಾದೃಷ್ಟಿ ಗಿರದಾವರರ ಕಡೆಗೂ ಹರಿಯಲಿ’ ಎಂದು ಕಾಗದಕ್ಕೆ ಇಳಿಯುತ್ತಿತ್ತು. ತಪ್ಪನ್ನು ಎಂದೂ ದೊಡ್ಡವರ ಮೇಲೆ ಹೊರಿಸಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ. ಎರಡನೆಯ ಪಾಠ ಇರಲಿಲ್ಲ.

ಸಾಹುಕಾರರ ಹತ್ತಿ ಬಿಡಿಸುವ ಜಿನ್ನಿನ ಜರ್ಮನ್ ಎಂಜಿನ್ನು ಸುಗ್ಗಿಯ ನಡುವೆ ನಿಂತುಬಿಟ್ಟಿತು. ಫಿಟ್ಟರ್ ಹುಸೇನಪ್ಪ ಕೆಡಿಸಿದನೆಂದು ಅವರ ಗುಮಾನಿ. ಎಂಜಿನ್ನಿನ ಜೊತೆ ಬಂದ ಪುಸ್ತಕವೂ ಹಾಗೇ ಹೇಳಿದರೆ ಅವನನ್ನು ಅಂದೇ ಕೆಲಸದಿಂದ ಬಿಡಿಸುವುದೆಂದು ತೀರ್ಮಾನವಾಯಿತು. ಪುಸ್ತಕ ಪೂರಾ ಜರ್ಮನ್. “ನಾಕು ಭಾಷಾ ಬಲ್ಲವರು, ಇದೊಂದು ನೋಡ್ರಿ ಮುನಶಿಯವರ” ಎಂದರು. ವಾರವಿಡೀ ನೋಡಿದೆ. ಚಿತ್ರಗಳು ಚೆನ್ನಾಗಿದ್ದವು.

ಆಮೇಲೆ ದುಭಾಷಿಯ ಶೋಧ. ಸಿಂಧನೂರಿನಲ್ಲಿ ದೊಡ್ಡ ಯುದ್ಧಕ್ಕೆ ಹೋಗಿಬಂದ ಸಿಪಾಯಿಯೊಬ್ಬ ಜರ್ಮನ್ ಬಲ್ಲನೆಂದು ಸುದ್ದಿ. ಅವನಿಗೆ ಬರುತ್ತಿದ್ದದ್ದು ‘ಶರಣಾಗು’ ಎಂಬುದೊಂದೇ. ಎಂಜಿನ್ನಿನ ಮುಂದೆ ಅದನ್ನೂ ಕೂಗಿ ನೋಡಿದ. ಅದು ಆಗಲೇ ಶರಣಾಗಿತ್ತು.

ಕಡೆಗೆ, ಮುದಗಲ್ಲಿಗೆ ಸಿಡುಬಿನ ಲಸಿಕೆ ಹಾಕಲು ಬಂದ ಬಿಳಿ ನರ್ಸಮ್ಮ ಸಿಕ್ಕರು. ಅವರ ದೇಶ ಫಿನ್ಲೆಂಡ್, ಮನೆಮಾತು ಫಿನ್ನಿಶ್, ನರ್ಸಿಂಗ್ ಓದಿದ್ದು ಜರ್ಮನ್ನಿನಲ್ಲಿ. ಇನ್ನು ಫಿನ್ನಿಶ್ ಬಲ್ಲವನನ್ನು ಎಲ್ಲಿಂದ ತರಲಿ ಎಂದು ಎದೆ ಒಡೆಯುವಷ್ಟರಲ್ಲಿ, ತೆಲುಗು ಸೀಮೆಯ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದುಬಂದ ಅವರು ತೆಲುಗಿನಲ್ಲಿ ನೀರು ಕೇಳಿದರು. ಬದುಕಿದೆ.

ಅವರನ್ನು ಮಸ್ಕಿಗೆ ಕರೆತಂದೆ. ಸಾಹುಕಾರರ ಮುಂದೆ ಅವರು ಜರ್ಮನ್ ಓದಿ ತೆಲುಗಿನಲ್ಲಿ ಹೇಳುವುದು, ನಾನು ಅದನ್ನು ಕನ್ನಡಿಸುವುದು ಎಂದಾಯಿತು. ಹುಸೇನಪ್ಪ ಎಣ್ಣೆಗೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತ. ನರ್ಸಮ್ಮ ಸಾಲಿನ ಮೇಲೆ ಬೆರಳಿಟ್ಟು ಹೇಳಿದರು: ದಿನಕ್ಕೊಮ್ಮೆ ನಿಲ್ಲಿಸಿ ಆರಗೊಡದಿದ್ದರೆ ಎಂಜಿನ್ನು ಜಾಮ್ ಆಗುತ್ತದೆ, ನಿಲ್ಲಿಸದೆ ಓಡಿಸಿರೆಂದು ಹುಕುಂ ಕೊಟ್ಟ ಯಜಮಾನನದೇ ತಪ್ಪು. ಹತ್ತು ದಿನ ಹಗಲಿರುಳು ಓಡಿಸೆಂದು ಹುಕುಂ ಕೊಟ್ಟವರು ಯಾರೆಂದು ಇಡೀ ಮಸ್ಕಿಗೆ ಗೊತ್ತಿತ್ತು.

ನಾನು ಗಂಟಲು ಸರಿಮಾಡಿಕೊಂಡೆ. “ಸೀಮಿಯಿಂದ ಬಂದ ಎಂಜಿನ್ನಂತರಿ, ನಮ್ಮ ಬಿಸಲು ಒಗ್ಗಿಲ್ಲಂತ. ಯಾರದೂ ತಪ್ಪಿಲ್ಲರಿ.”

ಇಬ್ಬರನ್ನೂ ಉಳಿಸಿದೆನೆಂದು ಬೀಗುತ್ತಿದ್ದಾಗ ಸಾಹುಕಾರರು ಅಡಕತ್ತರಿ ಕೆಳಗಿಟ್ಟರು.

“ಮುನಶಿಯವರ, ಮೂವತ್ತು ವರ್ಷ ಆತು, ತೆಲುಗರ ಜೋಡಿ ಹತ್ತಿ ವ್ಯಾಪಾರ ಮಾಡಾಕತ್ತೀನಿ. ಆಕಿ ಹೇಳಿದ್ದು ನನಗ ತಿಳೀತು. ನೀವು ಯಾವ ಪುಸ್ತಕ ಓದಾಕತ್ತೀರಿ?”

“ಮತ್ತ ನನ್ನ ಯಾಕ ಕರಸಿದ್ರಿ?”

“ಹುಸೇನಪ್ಪಗ ತೆಲುಗು ಬರಂಗಿಲ್ಲ. ಪುಸ್ತಕ ಹೇಳಿದಂಗ ಕೇಳ್ತೀನಂತ ಅವಗ ಮಾತು ಕೊಟ್ಟೀನಿ. ಅವಗ ತಿಳಿಯೂಹಂಗ ಕನ್ನಡದಾಗ ಹೇಳ್ರಿ.”

ಅಂಥ ವಾಕ್ಯ ನನ್ನ ಬಾಯಿಂದ ಎಂದೂ ಹೊರಟಿದ್ದಿಲ್ಲ. ಜರ್ಮನ್ನಾದರೂ ವಾಸಿ ಅನ್ನಿಸಿತು. ಕಣ್ಣು ಮುಚ್ಚಿ “ತಪ್ಪು ಸಾಹುಕಾರರದು” ಎಂದೆ. ಹುಸೇನಪ್ಪ ಪಾನಾ ತೆಗೆದುಕೊಂಡು ನಟ್ಟು ಬಿಚ್ಚಲು ಹೋದ.

ದುಭಾಷಿ ಸಿಗುವುದು ಕಷ್ಟವೇನಲ್ಲ, ಫಿನ್ಲೆಂಡಿನಿಂದಾದರೂ ಬಂದಾರು. ಕೇಳಿದ್ದನ್ನು ಕೇಳಿದಷ್ಟೇ ಹೇಳುವವನು ಮಾತ್ರ ಲಿಂಗಸೂಗೂರಿನಲ್ಲಿ ಆ ದಿನದವರೆಗೆ ಇರಲಿಲ್ಲ. ಆ ದಿನವೂ ಪೂರ್ತಿ ಇದ್ದನೆನ್ನಲಾರೆ: ಸ್ವಲ್ಪ ತಡೆದು, ಸಾಹುಕಾರರ ಕಡೆ ತಿರುಗಿ, “ರೀ” ಎಂದೂ ಸೇರಿಸಿದೆ.