ಐದೂ ಕಡೆ ನೋಡಿದ್ದೇನೆ ಎಂದವಳು

ಒಂದೇ ಸುದ್ದಿಯನ್ನು ಐದು ಕಡೆ ಓದಿದರೆ ನಿಜ ಸಿಗುತ್ತದೆ ಎಂದು ನಾನು ನಂಬಿದ್ದೆ. ಆ ಭ್ರಮೆ ಹರಿದು ವರ್ಷವಾಯಿತು. ಈಗ ಫೋನು ಕೈಗೆತ್ತಿಕೊಂಡರೇ ದಣಿವಾಗುತ್ತದೆ.

ದಾಂಡೇಲಿಯ ನಮ್ಮ ಹೊಲಿಗೆ ಅಂಗಡಿಯಲ್ಲಿ ಎರಡು ಮಷಿನ್. ಒಂದು ನನ್ನದು, ಇನ್ನೊಂದು, ಹಳಿಯಾಳ ಕಡೆಯ ಕಾಡಂಚಿನ ಹಳ್ಳಿಯಿಂದ ಮದುವೆಯಾಗಿ ಬಂದ ಗೆಳತಿಯದು. ನನಗಿಂತ ಚಿಕ್ಕವಳು. ಹನ್ನೆರಡು ವರ್ಷ ನನ್ನ ರೊಟ್ಟಿ ಅವಳಿಗೆ, ಅವಳ ಅನ್ನ ಸಾರು ನನಗೆ.

ಮನೆಯಲ್ಲಿ ಗಂಡ ಮಿಲ್ಲಿನಿಂದ ಬಂದವರೇ ದಿನಾ ಅದೇ ಸುದ್ದಿ ಚಾನೆಲ್ ಹಚ್ಚಿ ಕೂರುತ್ತಾರೆ. ಆ ಕೂಗಾಟಕ್ಕೆ ನಾನು ಬೇಸತ್ತದ್ದನ್ನು ನೋಡಿ ಮಗಳು ಒಂದು ಆ್ಯಪ್ ಹಾಕಿಕೊಟ್ಟಳು. ಒಂದು ಸುದ್ದಿಯನ್ನು ಯಾರು ಯಾರು ಹೇಗೆ ಬರೆದಿದ್ದಾರೆಂದು ಅದು ಸಾಲಾಗಿ ತೋರಿಸುತ್ತದೆ. ಮರಾಠಿ, ಇಂಗ್ಲಿಷಿನದನ್ನೂ ಕನ್ನಡ ಮಾಡಿ ಕೊಡುತ್ತದೆ. ಯಾರು ಯಾರ ಪರ ಎನ್ನುವುದಕ್ಕೆ ಬಣ್ಣದ ಗುರುತು ಬೇರೆ. ನಾಲ್ಕು ದಿನದಲ್ಲಿ ನನಗೆ ಕೊಂಬು ಮೂಡಿದವು. ಗಂಡನ ಮಾತಿಗೆಲ್ಲ ಅಡ್ಡ ಮಾತಾಡತೊಡಗಿದೆ.

ಒಂದು ದಿನ ಅದರಲ್ಲಿ ಗೆಳತಿಯ ತವರೂರಿನ ಸುದ್ದಿ ಬಂತು. ಅತಿಕ್ರಮಣ ತೆರವು, ಅರಣ್ಯ ಇಲಾಖೆಯವರು ಗದ್ದೆಯ ಬೇಲಿ ಕಿತ್ತರು ಎಂದು. ಧಾರವಾಡ ಸೀಮೆಯಿಂದ ಬಂದ ನನಗೆ ಅತಿಕ್ರಮಣವೆಂದರೆ ಕಂಡವರ ಜಾಗ ಕಬಳಿಸುವುದು. ಐದು ವರದಿ ಓದಿದೆ, ಐದರಲ್ಲೂ ಅದೇ ಪದ. ಮರುದಿನ ಊಟಕ್ಕೆ ಕೂತಾಗ, ಐದೂ ಕಡೆ ನೋಡಿದ್ದೇನೆ, ತಪ್ಪು ನಿಮ್ಮೂರವರದೇ ಎಂದು ತೀರ್ಪು ಕೊಟ್ಟುಬಿಟ್ಟೆ.

ಅವಳು ಫೋನು ಇಸಿದುಕೊಂಡು ಒಂದೊಂದನ್ನೂ ನಿಧಾನವಾಗಿ ಓದಿದಳು. ಊರಿನ ಹೆಸರು ಐದರಲ್ಲೂ ಒಂದೇ ಥರ ತಪ್ಪಾಗಿದೆ ಎಂದು ತೋರಿಸಿದಳು. ಒಬ್ಬರು ಬರೆದದ್ದನ್ನೇ ಉಳಿದ ನಾಲ್ವರು ಎತ್ತಿಕೊಂಡಿದ್ದರು. ಆ ಬೇಲಿ ತನ್ನ ಅಣ್ಣನದು, ಅವನನ್ನು ಕೇಳಲು ಯಾರೂ ಊರಿಗೆ ಬಂದಿರಲಿಲ್ಲ ಎಂದಳು.

“ಅತಿಕ್ರಮಣ ಅಂತ ನಾವೂ ಅಂತೇವ್ರಿ ಅಕ್ಕಾರ. ಆ ಗದ್ದಿ ಹೆಸರ ಅದು. ಪಟ್ಟಾ ಸಿಕ್ಕಿಲ್ಲ, ಅದಕ್ಕ. ನಮ್ಮ ಆಯಿ ಹುಟ್ಟಿದ್ದು ಆ ಅತಿಕ್ರಮಣದಾಗ, ಸತ್ತಿದ್ದೂ ಅಲ್ಲೇ.”

ನನಗೆ ನಾಚಿಕೆಯಾಯಿತು. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು.

“ಐದ ಮಂದೀನ್ನ ಕೇಳಿದ್ರಿ, ಬಾಜೂ ಕುಂತಾಕಿನ್ನ ಕೇಳಲಿಲ್ಲ,” ಎಂದು ಅವಳು ಡಬ್ಬಿ ಮುಚ್ಚಿದಳು.

ತಪ್ಪಾಯಿತು ಎಂದು ಅಂದೇ ಹೇಳಿದೆ. ಇರಲಿ ಬಿಡ್ರಿ ಅಂದಳು. ಜಗಳವೇನಿಲ್ಲ, ದಾರ, ಕತ್ತರಿ, ಗುಂಡಿ ಎಲ್ಲ ಮೊದಲಿನಂತೆ ಕೇಳಿ ಪಡೆಯುತ್ತೇವೆ. ಊಟದ ಹೊತ್ತಿಗೆ ಮಾತ್ರ ಅವಳು ತನ್ನ ಮಷಿನ್ ಮೇಲೇ ಡಬ್ಬಿ ಬಿಚ್ಚುತ್ತಾಳೆ. ಅಣ್ಣನ ಗದ್ದೆ ಏನಾಯಿತು ಎಂದು ಕೇಳಬೇಕು, ದಿನಾ ಬಾಯಿಯವರೆಗೆ ಬರುತ್ತದೆ. ಈಗ ಕೇಳಿದರೆ ಆ ಐವರ ಸಾಲಿಗೆ ಸುದ್ದಿ ಎತ್ತುವ ಆರನೆಯವಳಾಗುತ್ತೇನೆ ಎನಿಸಿ, ತಲೆ ತಗ್ಗಿಸಿ ಹೊಲಿಯುತ್ತೇನೆ.