ಬಂಡೆಯ ಮೇಲೆ ಒಂದು ರಾತ್ರಿ ಮಲಗಲು ಕೊಂಡ ಪೆಟ್ಟಿಗೆ

ನಮ್ಮ ಭಾವನವರಿಗೆ, ಅಂದರೆ ಅಕ್ಕನ ಯಜಮಾನರಿಗೆ, ಮಲಗಲು ದಿಂಬಿನಷ್ಟೇ ಮುಖ್ಯವಾದದ್ದು ಕರೆಂಟು. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಂದು ಡಾಕ್ಟರು ಮೂಗಿಗೆ ಗಾಳಿ ಊದುವ ಮಿಷನ್ ಬರೆದುಕೊಟ್ಟಿದ್ದಾರೆ. ಅದು ಬಂದ ಮೇಲೆ ಹೊಳಲ್ಕೆರೆಯ ಆ ಮನೆಯಲ್ಲಿ ಗೊರಕೆ ನಿಂತಿತು, ಭಾವನವರ ತಿರುಗಾಟವೂ ನಿಂತಿತು. ಜೀವಮಾನವಿಡೀ ಬಸ್ಸು ಓಡಿಸಿದ ಮನುಷ್ಯನ ಸಾಮ್ರಾಜ್ಯ ಕಡೆಗೆ ಗೋಡೆಯ ಪ್ಲಗ್ಗಿನಿಂದ ವೈರು ಎಟುಕುವಷ್ಟು ದೂರಕ್ಕೆ ಬಂದು ನಿಂತಿತು.

ಅವರು ಹುಟ್ಟಿದ್ದು ಹೊಸದುರ್ಗದ ಕಡೆ, ಮಾರಿಕಣಿವೆ ಡ್ಯಾಮಿನ ಹಿನ್ನೀರಿನ ಪಕ್ಕದ ಊರಲ್ಲಿ. ನೀರು ಹಿಂದೆ ಸರಿದ ವರ್ಷಗಳಲ್ಲಿ ಊರಿನವರು ಆ ಬಯಲಲ್ಲೇ ಸೌತೆ, ಕರ್ಬೂಜ ಹಾಕುತ್ತಿದ್ದರಂತೆ. ಕಾವಲಿಗೆಂದು ಭಾವನವರೂ ಅವರ ತಂದೆಯೂ ಒಂದು ಚಪ್ಪಟೆ ಬಂಡೆಯ ಮೇಲೆ ಮಲಗುತ್ತಿದ್ದರು. ಹಗಲೆಲ್ಲ ಕಾದ ಕಲ್ಲು ಎಷ್ಟು ಹೊತ್ತಾದರೂ ಬೆನ್ನಿಗೆ ಬೆಚ್ಚಗಿರುತ್ತಿತ್ತೆಂದು ಅವರು ಹೇಳುವಾಗ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ಡ್ಯಾಮು ತುಂಬಿದ ವರ್ಷ ಬಂಡೆ ಮುಳುಗಿತ್ತು. ಈ ಬೇಸಿಗೆಯಲ್ಲಿ ನೀರಿಳಿದು ಅದು ಮತ್ತೆ ತಲೆಯೆತ್ತಿದೆಯೆಂದು ಊರಿನಿಂದ ಯಾರೋ ಫೋಟೊ ಕಳಿಸಿದರು.

"ಒಂದ್ ರಾತ್ರಿ ಅದರ ಮ್ಯಾಲೆ ಮಲಗ್ಬೇಕಲೇ. ಮಳೆ ಹಿಡಿದ್ರೆ ಮತ್ತೆ ಮುಳುಗ್ತೈತೆ," ಎಂದರು.

"ಮಿಷನ್ನಿಗೆ ಕರೆಂಟು ಎಲ್ಲಿಂದ ತರೋದು ಭಾವ?"

"ಅದನ್ನ ಹುಡುಕ್ಲಿ ಅಂತಾನೇ ನಿನ್ನ ಕರೆದಿದ್ದು. ಅಷ್ಟೊಂದು ಓದಿ ಏನ್ ಮಾಡಿದಿ ಮತ್ತೆ?"

ಹೀಗೆ ನಾನು, ಪಿಂಚಣಿ ತಿನ್ನುವ ಇತಿಹಾಸದ ಮೇಷ್ಟ್ರು, ವಿದ್ಯುತ್ ಇಲಾಖೆಯ ಭಾರ ಹೊತ್ತೆ. ಬಿಸಿಲಿಗೆ ಸೋಲಾರ್ ಹಲಗೆ ಬಿಚ್ಚಿಟ್ಟರೆ ಚಾರ್ಜ್ ಆಗುವ, ಕೈಯಲ್ಲಿ ಹಿಡಿದೊಯ್ಯುವ ಬ್ಯಾಟರಿ ಪೆಟ್ಟಿಗೆ ಬಂದಿದೆ. ಅದಕ್ಕೆ ಪವರ್ ಸ್ಟೇಷನ್ ಎಂದು ಹೆಸರು. ಮಿಕ್ಸಿಯ ಗಾತ್ರದ ವಸ್ತುವಿಗೆ ಇಷ್ಟು ದೊಡ್ಡ ಬಿರುದು ಕೊಟ್ಟವರ ಧೈರ್ಯಕ್ಕೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

ಚಿತ್ರದುರ್ಗದ ಅಂಗಡಿಯವನು ಭಾವನವರ ಮಿಷನ್ನಿನ ಹಿಂದೆ ಬರೆದಿದ್ದನ್ನು ನೋಡಿ ಚಿಕ್ಕ ಪೆಟ್ಟಿಗೆಯೊಂದನ್ನು ಮುಂದೆ ತಳ್ಳಿದ. "ಒಂದ್ ರಾತ್ರಿಗೆ ಇಷ್ಟು ಸಾಕು ಸಾರ್. ಮಿಷನ್ನಿನಾಗೆ ಗಾಳಿಗೆ ತೇವ ಕೊಡಾಕೆ ನೀರು ಬಿಸಿ ಮಾಡೋ ಭಾಗ ಒಂದು ಆಫ್ ಮಾಡ್ಕಳ್ರಿ."

ಅವತ್ತೇ ಕೊಂಡಿದ್ದರೆ ಈ ಬರಹ ಇರುತ್ತಿರಲಿಲ್ಲ. ಭಾವನವರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು, ಬಗ್ಗಿ ಅಡಿ ನೋಡಿದರು, ಫ್ಯಾನಿನ ಸದ್ದಿಗೆ ಕಿವಿಯಿಟ್ಟರು, ಹಿಡಿ ಹಿಡಿದು ಅಲ್ಲಾಡಿಸಿದರು. ಆಮೇಲೆ "ಬರ್ತೀವಿ" ಎಂದು ಹೊರಬಿದ್ದರು.

"ಯಾಕೆ ಭಾವ?"

"ಹೋರಿನ ಒಂದೇ ಸಲ ನೋಡಿ ಯಾವನಾದ್ರೂ ಹೊಡ್ಕೊಂಡ್ ಬರ್ತಾನೇನಲೇ?"

ಅವರ ಮನೆತನದಲ್ಲಿ ಹೋರಿಯನ್ನು ಬೇರೆ ಬೇರೆ ದಿನ ಹೋಗಿ ನೋಡಿ, ಮಾತಾಡದೆ ಎದ್ದು ಬಂದು, ಕಡೆಗೆ ವ್ಯಾಪಾರ ಮಾಡುವುದು ರೂಢಿ. ನಾವೂ ಹಾಗೇ ಹಿರಿಯೂರಿಗೆ ಹೋಗಿ ಇನ್ನೊಂದು ನೋಡಿದೆವು, ಎದ್ದು ಬಂದೆವು. ಅಲ್ಲಿಂದ ಬರುವಾಗ ಐಮಂಗಲದಲ್ಲಿ ಟೀ ಕುಡಿಯುತ್ತ ಭಾವನವರಿಗೆ ಹೊಸ ಯೋಚನೆ ಬಂತು. ಬಂಡೆಯ ಮೇಲೆ ಬೆಳಗ್ಗೆ ಎದ್ದ ಕೂಡಲೇ ಟೀ ಬೇಡವೇ? ನಾನು ಇದನ್ನು ಅಲ್ಲೇ ನಿಲ್ಲಿಸಬಹುದಿತ್ತು. ಬದಲಿಗೆ ಕನ್ನಡಕ ಏರಿಸಿ, ಕರೆಂಟಿನ ಕೆಟಲ್ಲಿಗೆ ಎಷ್ಟು ವ್ಯಾಟು ಬೇಕೆಂದು ಭಾಷಣ ಮಾಡಿದೆ. ಗಾಳಿ ಊದುವ ಮಿಷನ್ನು ಗುಬ್ಬಿಯಷ್ಟು ತಿಂದರೆ ಕೆಟಲ್ಲು ಆನೆಯಷ್ಟು ತಿನ್ನುತ್ತದೆ. ಹಾಗಾಗಿ ದೊಡ್ಡ ಪೆಟ್ಟಿಗೆಯೇ ಬೇಕು. ಅದು ಅಂಗಡಿಯಲ್ಲಿ ಇಲ್ಲ, ತರಿಸಬೇಕು. ಅದು ಬರುವಷ್ಟರಲ್ಲಿ ಆಷಾಢ ಬಂತು.

"ಆಷಾಢದಾಗೆ ಹೊಸ ವಸ್ತು ಮನೆಗೆ ತರ್ತಾರೇನೋ?" ಎಂದಳು ಅಕ್ಕ. ಭಾವನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಅಕ್ಕನ ಮುಂದೆ ಎಂದೂ ಮಾತು ಗೆದ್ದವರಲ್ಲ.

ಶ್ರಾವಣದ ಮೊದಲ ಸೋಮವಾರ ಪೆಟ್ಟಿಗೆ ಮನೆಗೆ ಬಂತು. ಅಕ್ಕ ಅದಕ್ಕೆ ಕುಂಕುಮವಿಟ್ಟು ತೆಂಗಿನಕಾಯಿ ಒಡೆದಳು. ಟೆರೇಸಿನ ಮೇಲೆ ಹಲಗೆ ಬಿಚ್ಚಿದೆವು. ಮೋಡದ ಸಂದಿಯಿಂದ ಬಂದಷ್ಟು ಬಿಸಿಲು ಕುಡಿದು ಪೆಟ್ಟಿಗೆ ನಿಧಾನವಾಗಿ ತುಂಬಿತು.

ನಾವು ಬಂಡೆಯಿದ್ದ ಜಾಗಕ್ಕೆ ಹೋದಾಗ ಹಿನ್ನೀರೂ ತುಂಬುತ್ತಿತ್ತು. ಮೇಲಿನ ಮಳೆಯ ನೀರು ಕೆಂಪಗೆ, ಸದ್ದಿಲ್ಲದೆ ಬಂದು ಜಾಲಿಗಿಡಗಳ ನಡುವೆ ನಿಂತಿತ್ತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಯಾರನ್ನೂ ಕೇಳದೆ ಕರೆಂಟು ಮಾಡುತ್ತಿದ್ದವು. ಭಾವನವರು ನೀರಿನಲ್ಲಿ ಒಂದು ಜಾಗ ತೋರಿಸಿದರು. ನನಗೆ ಅಲ್ಲಿ ನೀರು ಬಿಟ್ಟು ಏನೂ ಕಾಣಲಿಲ್ಲ.

"ದಡದ ಮೇಲೆ ಮಲಗಾಣ ಭಾವ. ಮಿಷನ್ ಇದೆ, ಪೆಟ್ಟಿಗೆ ಇದೆ."

"ದಡ ಎಲ್ಲಾ ಕಡೆ ಐತಪ್ಪ," ಎಂದರು.

ಕೆಟಲ್ಲಿಗೆ ನೀರು ಹಾಕಿದೆ. ದೊಡ್ಡ ಪೆಟ್ಟಿಗೆಯಲ್ಲವೇ, ಕ್ಷಣದಲ್ಲಿ ಕುದಿಯಿತು. ಟೀ ಚೆನ್ನಾಗಿಯೇ ಇತ್ತು. ಕುಡಿದು ಸಂಜೆಯೊಳಗೆ ಹೊಳಲ್ಕೆರೆಗೆ ವಾಪಸಾದೆವು.

ಈಗ ಕರೆಂಟು ಹೋದಾಗ ಆ ಪೆಟ್ಟಿಗೆ ಭಾವನವರನ್ನು ಮಲಗಿಸುತ್ತದೆ. ಹಲಗೆಯನ್ನು ಅವರು ದಿನಾ ಒರೆಸುತ್ತಾರೆ. ಪಕ್ಕದಲ್ಲೇ ಅಕ್ಕನ ಸಂಡಿಗೆ ಒಣಗುತ್ತಿರುತ್ತದೆ. ಬೆಳಗ್ಗೆ ಪೇಪರು ಬಂದರೆ ಭಾವನವರು ಮೊದಲು ತೆಗೆಯುವುದು ಜಲಾಶಯದ ಮಟ್ಟ ಹಾಕುವ ಪುಟ. ಮೊನ್ನೆ ಹೋದಾಗ, "ಇಳಿದೈತಾ ಭಾವ?" ಎಂದೆ.

ಪೇಪರು ಮಡಚಿ, ಅಕ್ಕ ಒಳಗಿದ್ದಾಳೆಯೇ ಎಂದು ನೋಡಿಕೊಂಡು, ಮೆಲ್ಲಗೆ ಹೇಳಿದರು: "ತುಂಬೈತೆ. ಈ ಬರದ ಜಿಲ್ಲೆಯಾಗೆ ಹುಟ್ಟಿ, ನೀರು ಇಳೀಲಿ ಅಂತ ಹ್ಯಾಂಗಲೇ ಬೇಡ್ಕಳ್ಳಾದು?"