ಚಿತ್ರದಲ್ಲಿ ಹರಿದ ನನ್ನ ರವಿಕೆ

ನನಗಾಗ ಅರವತ್ತು, ಇಪ್ಪತ್ತು ವರ್ಷದ ಹಿಂದಿನ ಮಾತು. ನಂಜನಗೂಡಿನ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಬೇಳೆ ಮೂಟೆ ಸರಿಸಿ, ಮೈಸೂರಿನ ಐದಾರು ಕಲಾವಿದರು ತಮ್ಮ ಚಿತ್ರಗಳನ್ನು ನೇತುಹಾಕಿದ್ದರು. ಒಂದರಲ್ಲಿ ನಾನಿದ್ದೆ. ಅವರಲ್ಲಿ ಗಡ್ಡದವನೊಬ್ಬನ ಮುಂದೆ ಹೊಸ ರವಿಕೆ ತೊಟ್ಟು ಕೂತು ಬರೆಸಿಕೊಂಡಿದ್ದೆ. ಆ ಗಡ್ಡದವನು ಅದರ ತೋಳು ಹರಿದುಹೋದಂತೆ ಬರೆದಿದ್ದ! ಬೀದಿಯ ಹೆಂಗಸರೆಲ್ಲ ನೋಡಿ ಲೊಚಗುಟ್ಟುತ್ತಿದ್ದರು.

“ನನ್ ರವಿಕೆ ಯಾವಾಗ್ಲಾ ಅರಿದೋಗಿತ್ತು?” ಎಂದು ಅವನನ್ನೇ ಕೇಳಿದೆ.

“ಹರಿದಿದ್ರೇನೇ, ಅಜ್ಜಿ, ಬಡತನ ಎದ್ದು ಕಾಣೋದು. ಅದೇ ಕಲೆ,” ಎಂದ.

“ಅಂಗಾರೆ ನಿಮ್ಮವ್ವನ್ ರವಿಕೆ ಅರಿದು ಬರ್ಕೋ ಓಗು!”

ಅವನ ಕಲೆಗೆ ನನ್ನ ಮಾನವೇ ಬೇಕಾಗಿತ್ತೇ? ಮಾರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದೊಡನೆ ಸೂಜಿ ದಾರ ಹಿಡಿದು ಹೋದೆ. ಚಿತ್ರ ಬರೆದದ್ದು ಬಟ್ಟೆಯ ಮೇಲೆ ತಾನೆ? ಆ ತೋಳನ್ನು ಹೊಲಿದು ಬಂದೆ.